ಘಾನಾ: ಬಂದವರು, ಹೋದವರು, ಮರಳಿದವರು

ಪಶ್ಚಿಮ ಆಫ್ರಿಕಾದ ಘಾನಾ ದೇಶದ ಹೆಸರೇ ಬೇರೆಡೆಯಿಂದ ವಲಸೆ ಬಂದದ್ದು. 1957ರ ಮಾರ್ಚ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದುವವರೆಗೆ ಆ ನಾಡನ್ನು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ಕರಾವಳಿ ಎಂದು ಕರೆಯಲಾಗುತ್ತಿತ್ತು. ಕ್ವಾಮೆ ಎನ್‌ಕ್ರುಮಾ ಅವರ ಸರಕಾರ ಹೊಸ ರಾಷ್ಟ್ರಕ್ಕೆ ಆರಿಸಿಕೊಂಡದ್ದು ಮಧ್ಯಯುಗದ ಒಂದು ಸಾಮ್ರಾಜ್ಯದ ಹೆಸರನ್ನು. ಆ ಹಳೆಯ ಘಾನಾ ಇದ್ದದ್ದು ಇಂದಿನ ಘಾನಾದಲ್ಲಿ ಅಲ್ಲವೇ ಅಲ್ಲ. ವಾಯವ್ಯಕ್ಕೆ ನೂರಾರು ಮೈಲಿ ದೂರದಲ್ಲಿ, ಈಗಿನ ಮಾರಿಟಾನಿಯಾ ಮತ್ತು ಮಾಲಿ ದೇಶಗಳ ನೆಲದಲ್ಲಿ. ದಕ್ಷಿಣ ಘಾನಾದ ಅಕಾನ್ ಜನರ ಪೂರ್ವಿಕರು ಅಲ್ಲಿಂದಲೇ ಇಳಿದು ಬಂದವರೆಂದು ವಿದ್ವಾಂಸರೂ ರಾಜಕಾರಣಿಯೂ ಆಗಿದ್ದ ಜೆ.ಬಿ. ಡಾಂಕ್ವಾ ವಾದಿಸಿದ್ದರು. ಇತಿಹಾಸಕಾರರಲ್ಲಿ ಹೆಚ್ಚಿನವರು ಇಂದು ಆ ವಾದವನ್ನು ಒಪ್ಪುವುದಿಲ್ಲ. ಆದರೂ ಹೆಸರು ಉಳಿದುಕೊಂಡಿತು.

ಪಶ್ಚಿಮಕ್ಕೆ ಐವರಿ ಕೋಸ್ಟ್, ಪೂರ್ವಕ್ಕೆ ಟೋಗೊ, ಉತ್ತರಕ್ಕೆ ಬುರ್ಕಿನಾ ಫಾಸೊ, ದಕ್ಷಿಣಕ್ಕೆ ಗಿನಿ ಕೊಲ್ಲಿ. ಇದು ಈ ದೇಶದ ಎಲ್ಲೆ. 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 3.08 ಕೋಟಿ. ಇಲ್ಲಿಗೆ ಬಂದವರ ಮತ್ತು ಇಲ್ಲಿಂದ ಹೋದವರ ಚರಿತ್ರೆಯನ್ನು ಅಂಕಿಅಂಶಗಳ ಮೂಲಕವೂ ಹೇಳಬಹುದು. ಭಾಷೆಯ ವಿದ್ಯಾರ್ಥಿಗಳಾದ ನಮಗೆ ಇನ್ನೊಂದು ದಾರಿ ಹೆಚ್ಚು ಒಗ್ಗುತ್ತದೆ. ಅಲ್ಲಿನ ಪ್ರತಿಯೊಂದು ದೊಡ್ಡ ವಲಸೆಯೂ ಆಡುಮಾತಿನಲ್ಲಿ ಒಂದಾದರೂ ಪದವನ್ನು ಬಿಟ್ಟುಹೋಗಿದೆ. ಆ ಪದಗಳ ಜಾಡನ್ನು ಹಿಡಿದು ಹೊರಟರೆ, ಊರಿನವನು ಯಾರು, ಹೊರಗಿನವನು ಯಾರು ಎಂಬುದನ್ನು ಕಾಲಕಾಲಕ್ಕೆ ಯಾರು ನಿರ್ಧರಿಸಿದರು ಎಂಬುದೂ ತಿಳಿದುಬರುತ್ತದೆ.

ಆಗ್ನೇಯ ಭಾಗದ ಎವೆ ಜನರ ಸ್ಥಳಪುರಾಣದಿಂದ ತೊಡಗೋಣ. ಅವರ ಪೂರ್ವಿಕರು ಈಗಿನ ಟೋಗೊ ದೇಶದ ನೊಟ್ಸೆ ಎಂಬ ಕೋಟೆಯೂರಿನಲ್ಲಿ ಅಗೊಕೊಲಿ ಎಂಬ ಕ್ರೂರ ಅರಸನ ಕೈಕೆಳಗಿದ್ದರಂತೆ. ಊರಿನ ಸುತ್ತ ಎತ್ತರವಾದ ಮಣ್ಣಿನ ಗೋಡೆ. ಹೆಂಗಸರು ಪಾತ್ರೆ ತೊಳೆದ ನೀರನ್ನು ದಿನವೂ ಗೋಡೆಯ ಒಂದೇ ಜಾಗಕ್ಕೆ ಎರಚುತ್ತ ಬಂದರು. ಗೋಡೆ ನೆನೆದು ಮೆತ್ತಗಾದ ಮೇಲೆ ಒಂದು ರಾತ್ರಿ ಅದನ್ನು ಒಡೆದು ಎಲ್ಲರೂ ಹೊರಬಿದ್ದರು. ಬೆನ್ನಟ್ಟಿ ಬರುವವರು ದಾರಿ ತಪ್ಪಲೆಂದು ಹಿಮ್ಮುಖವಾಗಿ ನಡೆದರಂತೆ; ಹೆಜ್ಜೆಗುರುತುಗಳನ್ನು ಕಂಡವರಿಗೆ ಜನ ಊರಿನೊಳಗೆ ಹೋದಂತೆ ತೋರಬೇಕು. ಈ ನಿರ್ಗಮನದ ನೆನಪಿಗಾಗಿ ಅನ್‌ಲೊಗಾ ಎಂಬಲ್ಲಿ ಪ್ರತಿ ನವೆಂಬರ್ ತಿಂಗಳಲ್ಲಿ ಹೊಗ್ಬೆಟ್ಸೊಟ್ಸೊ ಹಬ್ಬ ನಡೆಯುತ್ತದೆ. ಊರು ಬಿಟ್ಟು ಬಂದದ್ದನ್ನೇ ಹಬ್ಬವಾಗಿ ಆಚರಿಸುವ ಈ ಜನರಿಗೆ ಮುಂದೆ ಇನ್ನೊಂದು ಗೋಡೆ ಎದುರಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೋತ ಜರ್ಮನಿಯ ವಸಾಹತಾಗಿದ್ದ ಟೋಗೊಲ್ಯಾಂಡನ್ನು ಬ್ರಿಟಿಷರೂ ಫ್ರೆಂಚರೂ ಹಂಚಿಕೊಂಡಾಗ ಎವೆ ನಾಡಿನ ನಡುವೆ ಗಡಿ ಬಿದ್ದಿತು. ಬ್ರಿಟಿಷ್ ಪಾಲಿನ ಭವಿಷ್ಯವನ್ನು ನಿರ್ಧರಿಸಲು 1956ರ ಮೇ ತಿಂಗಳಲ್ಲಿ ಜನಮತಗಣನೆ ನಡೆಯಿತು. ಒಟ್ಟಿನಲ್ಲಿ ಶೇಕಡಾ 58ರಷ್ಟು ಮತಗಳು ಗೋಲ್ಡ್ ಕೋಸ್ಟಿಗೆ ಸೇರುವ ಪರವಾಗಿ ಬಂದವು. ಎವೆ ಜನರೇ ಹೆಚ್ಚಾಗಿದ್ದ ದಕ್ಷಿಣದ ಜಿಲ್ಲೆಗಳಲ್ಲಿ ಮಾತ್ರ ಬಹುಮತ ಅದಕ್ಕೆ ವಿರುದ್ಧವಾಗಿತ್ತು. ಅಂದಿನಿಂದ ಗಡಿಯ ಒಂದು ಬದಿಯ ಎವೆ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ಇನ್ನೊಂದು ಬದಿಯವರು ಫ್ರೆಂಚನ್ನೂ ಕಲಿಯುತ್ತಾರೆ, ಮನೆಗೆ ಬಂದು ಒಂದೇ ಭಾಷೆಯನ್ನು ಆಡುತ್ತಾರೆ. ಅದೇ 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು ಎಂಬುದನ್ನು ಈ ವಿಭಾಗದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರಿಗೆ ಮತ ಹಾಕುವ ಅವಕಾಶವಾದರೂ ಇತ್ತು.

ಟೋಗೊ ದೇಶದ ರಾಜಧಾನಿ ಲೋಮೆ ಇರುವುದು ಸರಿಯಾಗಿ ಗಡಿಯ ಅಂಚಿನಲ್ಲಿ. ಗಡಿ ದಾಟಿದರೆ ಘಾನಾದ ಅಫ್ಲಾವೊ ಪಟ್ಟಣ. ಇಲ್ಲಿನವರು ಸಂತೆಗೆ, ಮದುವೆಗೆ, ಸಾವಿಗೆ ಅತ್ತಿಂದಿತ್ತ ಓಡಾಡುವುದನ್ನು ವಲಸೆ ಎಂದು ಕರೆಯಬೇಕೆ ಎಂಬುದೇ ಪ್ರಶ್ನೆ. ಕಾನೂನಿನ ಕಣ್ಣಿಗೆ ಅದು ದೇಶಾಂತರ ಪ್ರಯಾಣ. ಅವರಿಗೆ ಪಕ್ಕದ ಕೇರಿಗೆ ಹೋಗಿಬಂದಷ್ಟೇ ಸಹಜ.

ಘಾನಾದ ಕರಾವಳಿಯಿಂದ ಹೊರಟ ಅತಿ ದೊಡ್ಡ ವಲಸೆ ಯಾರೂ ಬಯಸಿದ್ದಲ್ಲ. 1482ರಲ್ಲಿ ಪೋರ್ಚುಗೀಸರು ಎಲ್ಮಿನಾದಲ್ಲಿ ಕಟ್ಟಿದ ಕೋಟೆಯೂ, ಮುಂದೆ ಕೇಪ್ ಕೋಸ್ಟ್ ಮೊದಲಾದೆಡೆ ಎದ್ದ ಕೋಟೆಗಳೂ ಮೊದಲು ಚಿನ್ನದ ವ್ಯಾಪಾರಕ್ಕಾಗಿ, ಬಳಿಕ ಮನುಷ್ಯರ ವ್ಯಾಪಾರಕ್ಕಾಗಿ ಬಳಕೆಯಾದವು. ಹತ್ತು ಲಕ್ಷಕ್ಕೂ ಮಿಕ್ಕಿದ ಜನರನ್ನು ಈ ಕರಾವಳಿಯಿಂದ ಅಟ್ಲಾಂಟಿಕ್ ಸಾಗರದಾಚೆ ಗುಲಾಮರಾಗಿ ಸಾಗಿಸಲಾಯಿತೆಂದು ಹಡಗುಗಳ ದಾಖಲೆಗಳನ್ನು ಆಧರಿಸಿದ ಅಂದಾಜುಗಳು ಹೇಳುತ್ತವೆ. ಅವರು ಕೊಂಡೊಯ್ಯಲು ಸಾಧ್ಯವಾದದ್ದು ಹೆಸರು ಮತ್ತು ಕತೆ ಮಾತ್ರ. ಅಕಾನ್ ಸಂಪ್ರದಾಯದಲ್ಲಿ ಹುಟ್ಟಿದ ವಾರವೇ ಮಗುವಿಗೆ ಹೆಸರಾಗುತ್ತದೆ: ಸೋಮವಾರ ಹುಟ್ಟಿದ ಗಂಡು ಕೊಜೊ, ಶುಕ್ರವಾರದವನು ಕೊಫಿ, ಶನಿವಾರದವನು ಕ್ವಾಮೆ. ಜಮೈಕಾದ ಬೆಟ್ಟಗಳಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ 1739ರಲ್ಲಿ ಅವರನ್ನು ಒಪ್ಪಂದಕ್ಕೆ ತಂದ ನಾಯಕನ ಹೆಸರು ಕಜೊ. ಈಗಿನ ಗಯಾನಾದ ಬೆರ್ಬಿಸ್‌ನಲ್ಲಿ 1763ರಲ್ಲಿ ಗುಲಾಮರ ದಂಗೆಯನ್ನು ಮುನ್ನಡೆಸಿದವನು ಕಫಿ. ಒಡೆಯರು ಹೊಸ ಹೆಸರುಗಳನ್ನಿಟ್ಟರೂ ವಾರದ ಹೆಸರು ಅಳಿಯಲಿಲ್ಲ. ಅನಾನ್ಸಿ ಎಂಬ ಕುಯುಕ್ತಿಯ ಜೇಡನ ಅಕಾನ್ ಕತೆಗಳು ಇಂದಿಗೂ ಕೆರಿಬಿಯನ್ ದ್ವೀಪಗಳ ಮಕ್ಕಳ ಕತೆಗಳಾಗಿವೆ. ಬಲವಿಲ್ಲದವನು ಬುದ್ಧಿಯಿಂದ ಗೆಲ್ಲುವ ಕತೆಗಳು ಗುಲಾಮರ ನಡುವೆ ಬೇರು ಬಿಟ್ಟದ್ದರಲ್ಲಿ ಆಶ್ಚರ್ಯವಿಲ್ಲ.

ಹೋದವರಲ್ಲಿ ಕೆಲವರು ಮರಳಿಯೂ ಬಂದರು. ಬ್ರೆಜಿಲಿನ ಬಹಿಯಾದಲ್ಲಿ 1835ರಲ್ಲಿ ಗುಲಾಮರ ದಂಗೆಯಾದ ಮೇಲೆ, ಬಿಡುಗಡೆ ಪಡೆದ ಆಫ್ರಿಕನ್ನರ ಗುಂಪುಗಳು ಸಾಗರ ದಾಟಿ ಹಿಂದಿರುಗಿದವು. ಅಕ್ರಾದಲ್ಲಿ ಇಳಿದ ಒಂದು ಗುಂಪಿಗೆ ಅಲ್ಲಿನ ಗಾ ಜನರ ಮುಖಂಡರು ನೆಲ ಕೊಟ್ಟು ಇರಿಸಿಕೊಂಡರು. ಬಂದವರಿಗೆ ಗಾ ಭಾಷೆ ಬಾರದು. ಕ್ಷೇಮವೇ ಎಂದು ಕೇಳಿದರೆ ಪೋರ್ಚುಗೀಸಿನಲ್ಲಿ 'ತಾ ಬೊಮ್', ಎಂದರೆ 'ಚೆನ್ನಾಗಿದೆ' ಎನ್ನುತ್ತಿದ್ದರು. ಆ ಉತ್ತರವೇ ಅವರ ಕುಲದ ಹೆಸರಾಗಿ, ಅವರ ಸಂತತಿಯನ್ನು ಇಂದಿಗೂ ತಬೊಮ್ ಜನ ಎನ್ನುತ್ತಾರೆ. ಹೊಲಿಗೆ, ಬಾವಿ ತೋಡುವಿಕೆ ಮುಂತಾದ ಕಸುಬುಗಳಲ್ಲಿ ಹೆಸರಾದ ಅವರು ಕ್ರಮೇಣ ಗಾ ಸಮಾಜದ ಒಂದು ಅಂಗವೇ ಆದರು.

ಒಳನಾಡಿನ ದಾರಿ ಇನ್ನೂ ಹಳೆಯದು. ಕಾಡಿನಲ್ಲಿ ಬೆಳೆಯುವ ಕೋಲಾ ಕಾಯಿಗೆ ಉತ್ತರದ ಮುಸ್ಲಿಮ್ ಸಮಾಜಗಳಲ್ಲಿ ನಮ್ಮ ಎಲೆಯಡಿಕೆಯಂಥ ಸ್ಥಾನವಿದೆ. ಮದುವೆಗೂ ನಾಮಕರಣಕ್ಕೂ ಅದು ಬೇಕು. ಅದನ್ನು ಕೊಳ್ಳಲು ಈಗಿನ ನೈಜೀರಿಯಾದಿಂದ ಹೌಸಾ ವರ್ತಕರ ಕತ್ತೆಗಳ ಸಾಲು ಸಲಗಾ ಎಂಬ ಪೇಟೆಗೆ ಬರುತ್ತಿತ್ತು. ಪ್ರಯಾಣಿಕರು ಬೀಡುಬಿಡುವ ಸ್ಥಳಕ್ಕೆ ಹೌಸಾ ಭಾಷೆಯಲ್ಲಿ 'ಜಂಗೊ' ಎನ್ನುತ್ತಾರೆ. ಅದೇ ಘಾನಾದಲ್ಲಿ 'ಜೊಂಗೊ' ಆಯಿತು. ತಂಗುದಾಣಗಳು ಕೇರಿಗಳಾದವು, ಕೇರಿಗಳಲ್ಲಿ ಮಸೀದಿಗಳೆದ್ದವು, ಹೌಸಾ ಭಾಷೆ ನಾನಾ ಬುಡಕಟ್ಟುಗಳ ಸಂಪರ್ಕಭಾಷೆಯಾಯಿತು. ಇಂದು ಘಾನಾದ ಹೆಚ್ಚುಕಡಿಮೆ ಪ್ರತಿ ಪಟ್ಟಣದಲ್ಲೂ ಒಂದು ಜೊಂಗೊ ಇದೆ. ಮೂರು ನಾಲ್ಕು ತಲೆಮಾರುಗಳಿಂದ ಅಲ್ಲೇ ಇರುವವರ ಕೇರಿಗೂ ಹೆಸರು ತಂಗುದಾಣ ಎಂದೇ. ಈ ಪದವನ್ನು ನೆನಪಿನಲ್ಲಿಡಬೇಕು.

ಜೊಂಗೊಗಳನ್ನು ತುಂಬಿಸಿದ್ದು ಕೋಕೋ. ಟೆಟ್ಟೆ ಕ್ವಾರ್ಶಿ ಎಂಬ ಕಮ್ಮಾರ ಫೆರ್ನಾಂಡೊ ಪೊ ದ್ವೀಪದಲ್ಲಿ ದುಡಿದು ಮರಳುವಾಗ ಕೋಕೋ ಬೀಜಗಳನ್ನು ತಂದು 1879ರ ವೇಳೆಗೆ ಅಕ್ವಾಪಿಮ್ ಬೆಟ್ಟದ ಮಾಂಪಾಂಗ್‌ನಲ್ಲಿ ಬೆಳೆಸಿದನೆಂಬುದು ಅಲ್ಲಿನ ಪ್ರತಿ ಶಾಲಾ ಮಗುವಿಗೂ ಗೊತ್ತು. ಅಂಥ ಬೆಳೆಯನ್ನು ದೇಶಕ್ಕೆ ತಂದವನೇ ಕೂಲಿಗೆ ಹೋಗಿ ಮರಳಿದ ವಲಸೆಗಾರ. ಅಕ್ವಾಪಿಮ್ ಮತ್ತು ಕ್ರೊಬೊ ರೈತರು ತಮ್ಮ ಬೆಟ್ಟಗಳಲ್ಲಿ ಜಾಗ ಸಾಲದೆ ಗುಂಪುಕಟ್ಟಿ, ಹಣ ಕೂಡಿಸಿ, ಪಶ್ಚಿಮದ ಅಕಿಮ್ ಕಾಡುಗಳಲ್ಲಿ ನೆಲ ಕೊಂಡು ಮುಂದೆ ಮುಂದೆ ಸಾಗಿದರು. ಇವರನ್ನು ಬಡ ಬೇಸಾಯಗಾರರೆಂದು ತಿಳಿದಿದ್ದ ಅರ್ಥಶಾಸ್ತ್ರಜ್ಞರಿಗೆ ಪಾಲಿ ಹಿಲ್ ಎಂಬ ವಿದುಷಿ 1963ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆಯೇ ಚಿತ್ರ ತೋರಿಸಿದರು. ಲಾಭವನ್ನು ಮತ್ತೆ ನೆಲಕ್ಕೆ ಹೂಡುತ್ತ ತಲೆಮಾರುಗಳ ಲೆಕ್ಕ ಹಾಕುತ್ತಿದ್ದ ದೂರದೃಷ್ಟಿಯ ಬಂಡವಾಳಗಾರರು ಇವರು ಎಂಬುದು ಅವರ ತೀರ್ಮಾನ. 1911ರ ಹೊತ್ತಿಗೆ ಗೋಲ್ಡ್ ಕೋಸ್ಟ್ ಜಗತ್ತಿನಲ್ಲೇ ಅತಿ ಹೆಚ್ಚು ಕೋಕೋ ಬೆಳೆಯುವ ನಾಡಾಗಿತ್ತು.

ತೋಟ ಹೆಚ್ಚಿದಂತೆ ಆಳು ಬೇಕಾಯಿತು. ಆಳುಗಳು ಬಂದದ್ದು ಉತ್ತರದಿಂದ. ಇದಕ್ಕೆ ಪ್ರಕೃತಿಯೂ ಕಾರಣ, ಆಳ್ವಿಕೆಯೂ ಕಾರಣ. ದಕ್ಷಿಣದಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಉತ್ತರದ ಹುಲ್ಲುಗಾವಲಿನಲ್ಲಿ ಒಂದೇ. ಉಳಿದ ತಿಂಗಳುಗಳಲ್ಲಿ ಅಲ್ಲಿ ಕೆಲಸವಿಲ್ಲ. ಬ್ರಿಟಿಷರು ಸೆಕೊಂಡಿಯಿಂದ ಕುಮಾಸಿಗೆ 1903ರಲ್ಲಿ, ಅಕ್ರಾದಿಂದ ಕುಮಾಸಿಗೆ 1923ರಲ್ಲಿ ರೈಲುಹಳಿ ಮುಟ್ಟಿಸಿದರು. ಚಿನ್ನ ಮತ್ತು ಕೋಕೋ ಇಲ್ಲದ ಉತ್ತರಕ್ಕೆ ಹಳಿಯೂ ಹೋಗಲಿಲ್ಲ, ಶಾಲೆಗಳೂ ಹೋದದ್ದು ತಡವಾಗಿ. ಇನ್ನೂ ಉತ್ತರಕ್ಕೆ, ಇಂದಿನ ಬುರ್ಕಿನಾ ಫಾಸೊ ಆಗ ಫ್ರೆಂಚರ ವಶದಲ್ಲಿತ್ತು. ತಲೆಗಂದಾಯ ಮತ್ತು ಬಿಟ್ಟಿ ದುಡಿಮೆಯ ಕಾಟ ತಾಳಲಾರದೆ ಅಲ್ಲಿನ ಮೊಸ್ಸಿ ಜನ ಗಡಿ ದಾಟಿ ಬ್ರಿಟಿಷ್ ನಾಡಿನ ಕೋಕೋ ತೋಟಗಳಿಗೆ ನಡೆದುಬಂದರು. ತೋಟಗಳಲ್ಲಿ 'ಅಬುಸಾ' ಎಂಬ ಪದ್ಧತಿ ಇತ್ತು: ಫಸಲಿನ ಮೂರರಲ್ಲೊಂದು ಪಾಲು ದುಡಿದವನಿಗೆ. ಪಟ್ಟಣಗಳ ಸಂತೆಗಳಲ್ಲಿ ನೈಜೀರಿಯಾದ ಯೊರುಬಾ ವ್ಯಾಪಾರಿಗಳು, ಹೆಂಗಸರೂ ಸೇರಿ, ಚಿಲ್ಲರೆ ಸರಕಿನ ಅಂಗಡಿಗಳನ್ನಿಟ್ಟರು. 1960ರ ಜನಗಣತಿಯಲ್ಲಿ ದೇಶದ ಜನರಲ್ಲಿ ಶೇಕಡಾ 12ರಷ್ಟು ಮಂದಿ ವಿದೇಶೀ ಮೂಲದವರೆಂದು ಎಣಿಸಲಾಯಿತು. ಆಫ್ರಿಕಾದವರೆಲ್ಲ ಒಂದೇ ಎನ್ನುತ್ತಿದ್ದ ಎನ್‌ಕ್ರುಮಾ ಅವರ ಕಾಲದಲ್ಲಿ ಇದು ಹೆಮ್ಮೆಯ ವಿಷಯವಾಗಿತ್ತು. ಅಮೆರಿಕದ ಕಪ್ಪು ಜನರ ಹಿರಿಯ ಚಿಂತಕ ಡಬ್ಲ್ಯು.ಇ.ಬಿ. ಡು ಬೊಯಿಸ್ 1961ರಲ್ಲಿ ತಮ್ಮ ಮುಪ್ಪಿನಲ್ಲಿ ಅಕ್ರಾಕ್ಕೆ ಬಂದು ನೆಲೆಸಿ, 1963ರಲ್ಲಿ ಅಲ್ಲೇ ಕಣ್ಣುಮುಚ್ಚಿದರು.

ಅದಾಗಿ ಆರೇ ವರ್ಷಗಳಲ್ಲಿ ಗಾಳಿ ತಿರುಗಿತು. ಎನ್‌ಕ್ರುಮಾ 1966ರಲ್ಲೇ ಪದಚ್ಯುತರಾಗಿದ್ದರು. ಕೋಕೋ ಬೆಲೆ ಕುಸಿದಿತ್ತು, ನಿರುದ್ಯೋಗ ಹೆಚ್ಚಿತ್ತು. 1969ರ ನವೆಂಬರ್ 18ರಂದು ಪ್ರಧಾನಿ ಕೋಫಿ ಬುಸಿಯಾ ಅವರ ಸರಕಾರ ಒಂದು ಆಜ್ಞೆ ಹೊರಡಿಸಿತು. ವಾಸದ ಪರವಾನಗಿ ಇಲ್ಲದ ಪರದೇಶೀಯರು ಎರಡು ವಾರಗಳೊಳಗೆ ಅದನ್ನು ಪಡೆಯಬೇಕು, ಇಲ್ಲವೇ ದೇಶ ಬಿಡಬೇಕು. ಜೊಂಗೊಗಳಲ್ಲಿ ಹುಟ್ಟಿ, ಗಾ ಅಥವಾ ಅಕಾನ್ ಭಾಷೆಯನ್ನು ಮನೆಮಾತಿನಂತೆ ಆಡುತ್ತಿದ್ದ ಎಷ್ಟೋ ಜನ ತಮಗೆ ಅಂಥದೊಂದು ಕಾಗದ ಬೇಕೆಂದು ಕನಸಿನಲ್ಲೂ ಎಣಿಸಿದವರಲ್ಲ. ಕೆಲವೇ ತಿಂಗಳುಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನ ಹೊರಟುಹೋದರು. ಅಂಗಡಿಯ ಸರಕನ್ನು ಸಿಕ್ಕ ಬೆಲೆಗೆ ಮಾರಿ, ಲಾರಿಗಳ ಮೇಲೆ ಗಂಟು ಮೂಟೆ ಹೇರಿ, ತಾವೆಂದೂ ಕಾಣದ ಅಜ್ಜನ ಊರಿಗೆ ತೆರಳಿದರು. ಅಕಾನ್ ಭಾಷೆಯಲ್ಲಿ ಅಪರಿಚಿತನಿಗೂ ಅತಿಥಿಗೂ ಒಂದೇ ಪದವಿದೆ: 'ಒಹೊಹೊ'. ನಮ್ಮ ಕಿವಿಗೆ ಅದು ಉದ್ಗಾರದಂತೆ ಕೇಳಿದರೂ ಅದರ ಅರ್ಥಸಂಪತ್ತು ದೊಡ್ಡದು. ಸರಕಾರದ ಆಜ್ಞೆ ಬಳಸಿದ್ದು ಆ ಪದವನ್ನಲ್ಲ, ಇಂಗ್ಲಿಷಿನ 'ಏಲಿಯನ್' ಎಂಬುದನ್ನು. ಕನ್ನಡದ 'ಪರದೇಶಿ' ಎಂಬ ಪದಕ್ಕೆ ಹೊರನಾಡಿನವನು ಎಂಬ ಅರ್ಥವೂ ಇದೆ, ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ. ಆ ನವೆಂಬರ್ ತಿಂಗಳಲ್ಲಿ ಹೊರಟ ಜನರ ಪಾಲಿಗೆ ಈ ಎರಡು ಅರ್ಥಗಳ ನಡುವೆ ಅಂತರವೇ ಉಳಿದಿರಲಿಲ್ಲ.

ಕಳುಹಿಸಿದವರಿಗೆ ಇದರಿಂದ ಒಳಿತಾಯಿತೆ? ಕೋಕೋ ತೋಟಗಳಲ್ಲಿ ಆಳುಗಳ ಬರ ಬಂದಿತು. ಸಂತೆಗಳಲ್ಲಿ ಸರಕು ತರುವ ಜಾಲಗಳು ಹರಿದುಹೋದವು. ಇದೊಂದೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಸರಕಾರ ರೈತರಿಗೆ ಕೊಡುತ್ತಿದ್ದ ಕಡಿಮೆ ಬೆಲೆ, ಸೈನಿಕ ಆಡಳಿತದ ಅವ್ಯವಸ್ಥೆ, ಮುದಿಯಾದ ಮರಗಳು ಎಲ್ಲವೂ ಸೇರಿಕೊಂಡವು. 1964-65ರಲ್ಲಿ 5.5 ಲಕ್ಷ ಟನ್ನುಗಳನ್ನು ಮೀರಿದ್ದ ಕೋಕೋ ಉತ್ಪಾದನೆ 1983-84ರಲ್ಲಿ 1.6 ಲಕ್ಷ ಟನ್ನುಗಳ ಆಸುಪಾಸಿಗೆ ಇಳಿಯಿತು.

ಅಷ್ಟರಲ್ಲಿ ನೈಜೀರಿಯಾದಲ್ಲಿ ಎಣ್ಣೆಯ ಹಣ ಹರಿಯತೊಡಗಿತ್ತು. ಹತ್ತು ವರ್ಷಗಳ ಹಿಂದೆ ಯಾವ ನಾಡಿನವರನ್ನು ಹೊರಗಟ್ಟಿದ್ದರೋ ಅದೇ ನಾಡಿಗೆ ಘಾನಾದ ಶಿಕ್ಷಕರು, ಗುಮಾಸ್ತರು, ಗಾರೆ ಕೆಲಸದವರು, ದರ್ಜಿಗಳು ಕೆಲಸ ಹುಡುಕಿ ಹೊರಟರು. ನೈಜೀರಿಯಾದ ಒಂದು ತಲೆಮಾರಿನ ಮಕ್ಕಳಿಗೆ ಗಣಿತ, ಇಂಗ್ಲಿಷ್ ಕಲಿಸಿದವರು ಘಾನಾದ ಮೇಷ್ಟರುಗಳು. ಪಶ್ಚಿಮ ಆಫ್ರಿಕಾದ ರಾಷ್ಟ್ರಗಳು 1975ರಲ್ಲಿ ಕಟ್ಟಿಕೊಂಡ ಎಕೊವಾಸ್ ಒಕ್ಕೂಟದ 1979ರ ಒಪ್ಪಂದದಂತೆ ಸದಸ್ಯ ರಾಷ್ಟ್ರಗಳ ಪ್ರಜೆಗಳು ವೀಸಾ ಇಲ್ಲದೆ 90 ದಿನ ಇನ್ನೊಂದು ದೇಶದಲ್ಲಿ ಇರಬಹುದಿತ್ತು. ತೊಂಬತ್ತನೆಯ ದಿನ ಮರಳಿದವರು ಕಡಿಮೆ.

1983ರ ಜನವರಿ 17ರಂದು ನೈಜೀರಿಯಾದ ಸರಕಾರ ಕಾಗದಪತ್ರವಿಲ್ಲದ ವಿದೇಶೀಯರು ಎರಡು ವಾರಗಳಲ್ಲಿ ದೇಶ ಬಿಡಬೇಕೆಂದು ಪ್ರಕಟಿಸಿತು. ಅಧ್ಯಕ್ಷ ಶೆಹು ಶಗಾರಿ ಆ ವರ್ಷವೇ ಚುನಾವಣೆ ಎದುರಿಸಬೇಕಿತ್ತು, ಎಣ್ಣೆಯ ಬೆಲೆ ಇಳಿದಿತ್ತು. ಗಡುವೂ 1969ರ ಆಜ್ಞೆಯಷ್ಟೇ, ಎರಡು ವಾರ. ಹೊರಹಾಕಲ್ಪಟ್ಟವರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಘಾನಾದವರೆಂದು ಅಂದಾಜು. ಲಾಗೋಸ್‌ನಿಂದ ಅಕ್ರಾ ತಲುಪಬೇಕಾದರೆ ಬೆನಿನ್, ಟೋಗೊ ಎರಡನ್ನೂ ದಾಟಬೇಕು. ಆದರೆ ಘಾನಾದ ಸೈನಿಕ ನಾಯಕ ಜೆರ್ರಿ ರಾಲಿಂಗ್ಸ್ ಟೋಗೊದೊಂದಿಗಿನ ಗಡಿಯನ್ನು ಹಿಂದಿನ ವರ್ಷವೇ ಮುಚ್ಚಿಸಿದ್ದರು. ಅಷ್ಟು ಜನ ತಮ್ಮ ನೆಲದಲ್ಲೇ ಉಳಿದುಬಿಟ್ಟಾರು ಎಂಬ ಹೆದರಿಕೆಯಿಂದ ನಡುವಿನ ದೇಶಗಳೂ ಗಡಿ ಮುಚ್ಚಿದವು. ರಸ್ತೆಯಲ್ಲಿ, ಬಂದರಿನಲ್ಲಿ ಅನ್ನ ನೀರಿಲ್ಲದೆ ಜನ ಸಿಕ್ಕಿಬಿದ್ದರು. ತಿಂಗಳ ಕೊನೆಗೆ ಘಾನಾ ಗಡಿ ತೆರೆಯಿತು.

ಮರಳಿದ ನಾಡಿನಲ್ಲಿ ಭೀಕರ ಬರ. ಕಾಳ್ಗಿಚ್ಚು ಕೋಕೋ ತೋಟಗಳನ್ನೂ ಹೊಲಗಳನ್ನೂ ಸುಟ್ಟಿತ್ತು. ಹಸಿವಿನಿಂದ ಕುತ್ತಿಗೆಯ ಕೆಳಗೆ ಎದ್ದು ಕಾಣುತ್ತಿದ್ದ ಎಲುಬಿಗೆ ಜನ 'ರಾಲಿಂಗ್ಸ್ ಸರ' ಎಂದು ಹೆಸರಿಟ್ಟರು. ಅಂಥ ದಿನಗಳಲ್ಲಿ ಸುಮಾರು ಹನ್ನೆರಡು ಜನಕ್ಕೆ ಒಬ್ಬನಂತೆ ಹೊಸ ಬಾಯಿ ಬಂದು ಸೇರಿತು. ಇವರಿಗಾಗಿ ದೀರ್ಘಕಾಲದ ಶಿಬಿರಗಳನ್ನು ನಡೆಸಬೇಕಾದೀತೆಂದು ಹೊರಗಿನ ನೆರವು ಸಂಸ್ಥೆಗಳು ಎಣಿಸಿದ್ದವು. ಆದರೆ ಕೆಲವೇ ವಾರಗಳಲ್ಲಿ ಬಂದವರೆಲ್ಲ ಅಣ್ಣನ ಮನೆ, ಚಿಕ್ಕಮ್ಮನ ಮನೆ ಎಂದು ಹಳ್ಳಿಗಳಲ್ಲಿ ಕರಗಿಹೋದರು. ಘಾನಾದ ಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವ ಸಂಗತಿ ಇದು; ಕೋಟೆಗಳೂ ರಾಜರೂ ಆಮೇಲಿನವು.

ಹೊರಟವರು ಅವಸರದಲ್ಲಿ ತಮ್ಮ ಬಾಳನ್ನೆಲ್ಲ ತುರುಕಿಕೊಂಡದ್ದು ಹೆಣೆದ ಪ್ಲಾಸ್ಟಿಕ್ಕಿನ, ಕೆಂಪು ನೀಲಿ ಚೌಕುಳಿಯ ಅಗ್ಗದ ಚೀಲಗಳಲ್ಲಿ. ನೈಜೀರಿಯಾದಲ್ಲಿ ಆ ಚೀಲಕ್ಕೆ 'ಘಾನಾ ಮಸ್ಟ್ ಗೋ' ಎಂಬ ಹೆಸರು ಬಿದ್ದಿತು: ಘಾನಾದವರು ಹೋಗಲೇಬೇಕು. ಅಂಗಡಿಯಲ್ಲಿ ಈಗಲೂ ಆ ಹೆಸರಿನಿಂದಲೇ ಕೇಳುತ್ತಾರೆ. ಅದೇ ಚೀಲಕ್ಕೆ ಜರ್ಮನಿಯಲ್ಲಿ 'ತುರ್ಕರ ಪೆಟ್ಟಿಗೆ' ಎಂಬ ಅಡ್ಡಹೆಸರಿದೆ. ತಾಯ್ಯೆ ಸೆಲಾಸಿ 2013ರಲ್ಲಿ ತಮ್ಮ ಕಾದಂಬರಿಗೆ ಈ ಚೀಲದ ಹೆಸರನ್ನೇ ಇಟ್ಟರು.

ಜರ್ಮನಿಯ ಮಾತು ಬಂದದ್ದರಿಂದ ಇನ್ನೊಂದು ಪದ. ಎಂಬತ್ತರ ದಶಕದಲ್ಲಿ ಹ್ಯಾಂಬರ್ಗ್ ನಗರಕ್ಕೆ ಹೋದ ಘಾನಾದವರು ರಜೆಗೆ ಬಂದಾಗ ಅವರ ಉಡುಗೆ ತೊಡುಗೆ ನೋಡಿ ಊರವರು 'ಬೋರ್ಗಾ' ಎಂದರು. ಹ್ಯಾಂಬರ್ಗ್ ಎಂಬುದರ ಬಾಲವೇ ಇದು. ಈಗ ಯಾವ ದೇಶದಿಂದ ಬಂದ ಹಣವಂತನಿಗೂ ಅದು ಸಲ್ಲುತ್ತದೆ. ಇದಕ್ಕೂ ಮುಂಚೆ ಇಂಗ್ಲೆಂಡಿಗೋ ಅಮೆರಿಕಕ್ಕೋ ಹೋಗಿಬಂದ ವಿದ್ಯಾವಂತನನ್ನು 'ಬೀನ್-ಟು' ಎನ್ನುತ್ತಿದ್ದರು. ಆಯಿ ಕ್ವೇ ಆರ್ಮಾ ಅವರ 'ಫ್ರಾಗ್ಮೆಂಟ್ಸ್' ಕಾದಂಬರಿಯಲ್ಲಿ ಅಮೆರಿಕದಿಂದ ಮರಳಿದ ಬಾಕೊ ಎಂಬ ಯುವಕ ಕಾರು, ಉಡುಗೊರೆಗಳನ್ನು ತರಲಿಲ್ಲ. ಮನೆಯವರ ನಿರೀಕ್ಷೆಯ ಭಾರಕ್ಕೆ ಅವನ ಬುದ್ಧಿಯೇ ಕದಡುತ್ತದೆ. ಅಮಾ ಅಟಾ ಐಡೂ ಅವರ 'ದ ಡಿಲೆಮಾ ಆಫ್ ಎ ಘೋಸ್ಟ್' ನಾಟಕದಲ್ಲಿ ಮಗ ಅಮೆರಿಕದ ಕಪ್ಪು ಹುಡುಗಿಯನ್ನು ಮದುವೆಯಾಗಿ ಬರುತ್ತಾನೆ. ಸೊಸೆ ಗುಲಾಮರ ಸಂತತಿಯವಳೆಂದು ತಿಳಿದು ಅತ್ತೆಯ ಮನೆಯವರು ಕಂಗಾಲಾಗುತ್ತಾರೆ. ತಮ್ಮ ಕರಾವಳಿಯಿಂದಲೇ ಸಾಗಿಸಲ್ಪಟ್ಟವರ ಮೊಮ್ಮಗಳು ಮನೆಗೆ ಮರಳಿದ್ದಾಳೆಂಬುದು ಅವರಿಗೆ ಹೊಳೆಯುವುದಿಲ್ಲ. ವಲಸೆಯನ್ನು ಓದಬಯಸುವ ಸಾಹಿತ್ಯದ ವಿದ್ಯಾರ್ಥಿಗಳು ಯಾವ ವರದಿಗಿಂತಲೂ ಮೊದಲು ಈ ಎರಡು ಕೃತಿಗಳನ್ನು ಕೈಗೆತ್ತಿಕೊಳ್ಳಬಹುದು.

ಇಂದು ಹೊರಹೋಗುವವರಲ್ಲಿ ದಾದಿಯರೂ ವೈದ್ಯರೂ ಬಹಳ. ಸ್ವಂತ ಆರೋಗ್ಯಸೇವೆಗೇ ಸಿಬ್ಬಂದಿ ಸಾಲದ 55 ದೇಶಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿತು. ಅದರಲ್ಲಿ ಘಾನಾ ಇದೆ. ಒಳಬರುವವರೂ ನಿಂತಿಲ್ಲ. ಲೈಬೀರಿಯಾದ ಅಂತರ್ಯುದ್ಧದಿಂದ ಓಡಿಬಂದವರಿಗಾಗಿ 1990ರಲ್ಲಿ ಬುಡುಬುರಾಮ್ ಶಿಬಿರ ತೆರೆಯಲಾಯಿತು. ಚಿನ್ನದ ಬೆಲೆ ಏರಿದಾಗ ಸಾವಿರಾರು ಚೀನೀಯರು ಬಂದು ಸಣ್ಣ ಗಣಿಗಳಿಗೆ ಯಂತ್ರಗಳನ್ನು ಇಳಿಸಿದರು. 2013ರಲ್ಲಿ ಸರಕಾರ ಅವರಲ್ಲಿ ಅನೇಕರನ್ನು ಹೊರಗಟ್ಟಿತು. ಅದೇ ವರ್ಷದ ಒಂದು ಕಾನೂನು ಸಂತೆಯ ಚಿಲ್ಲರೆ ವ್ಯಾಪಾರವನ್ನು ಘಾನಾ ಪ್ರಜೆಗಳಿಗೇ ಮೀಸಲಿಟ್ಟಿತು, ಮತ್ತು ಅದನ್ನು ಮುಂದಿಟ್ಟುಕೊಂಡು ನೈಜೀರಿಯಾದವರ ಅಂಗಡಿಗಳಿಗೆ ಬೀಗ ಜಡಿದ ಪ್ರಸಂಗಗಳೂ ನಡೆದವು.

ದೇಶದೊಳಗಿನ ಹಳೆಯ ದಾರಿ ಮಾತ್ರ ಬದಲಾಗಿಲ್ಲ. ಅಕ್ರಾದ ಮಕೋಲಾ, ಕಂಟಮಾಂಟೊ ಸಂತೆಗಳಲ್ಲಿ ದೊಡ್ಡ ಅಲ್ಯುಮಿನಿಯಂ ಬಾಣಲೆಗಳನ್ನು ಹೊತ್ತು, ಕೊಂಡವರ ಸರಕನ್ನು ತಲೆಯ ಮೇಲೆ ಸಾಗಿಸುವ ಎಳೆಯ ಹುಡುಗಿಯರನ್ನು 'ಕಾಯಾಯೆ' ಎನ್ನುತ್ತಾರೆ. 'ಕಾಯಾ' ಹೌಸಾ ಪದ, ಹೊರೆ ಎಂದರ್ಥ. 'ಯೆ' ಗಾ ಭಾಷೆಯಲ್ಲಿ ಹೆಂಗಸರು. ಉತ್ತರದ ವ್ಯಾಪಾರದ ಭಾಷೆಯೂ ರಾಜಧಾನಿಯ ಮೂಲನಿವಾಸಿಗಳ ಭಾಷೆಯೂ ಸೇರಿ ಆದ ಈ ಪದವೇ ಅವರು ಎಲ್ಲಿಂದ ಎಲ್ಲಿಗೆ ಬಂದರೆಂಬುದನ್ನು ಹೇಳುತ್ತದೆ. ಕೋಕೋ ತೋಟಕ್ಕೆ ಅಜ್ಜ ನಡೆದ ದಾರಿಯಲ್ಲಿ ಮೊಮ್ಮಗಳು ಬಸ್ಸಿನಲ್ಲಿ ಬಂದಿದ್ದಾಳೆ. ಮಳೆಗಾಲ ಇನ್ನೂ ಒಂದೇ.

2019ನ್ನು ಘಾನಾ ಸರಕಾರ 'ಮರಳುವ ವರ್ಷ'ವೆಂದು ಸಾರಿತು. ಅಮೆರಿಕದ ವರ್ಜೀನಿಯಾಕ್ಕೆ 1619ರಲ್ಲಿ ಮೊದಲ ಆಫ್ರಿಕನ್ ಬಂದಿಗಳು ತಲುಪಿ ನಾನೂರು ವರ್ಷಗಳಾದ ನೆನಪು ಅದು. ಸಾಗರದಾಚೆಯ ಆಫ್ರಿಕನ್ ಮೂಲದವರು ಘಾನಾದಲ್ಲಿ ಶಾಶ್ವತವಾಗಿ ನೆಲೆಸುವ ಹಕ್ಕು ಪಡೆಯಬಹುದೆಂದು 2000ದ ಕಾನೂನು ಆಗಲೇ ಹೇಳಿತ್ತು. ಹಲವರು ಬಂದರು, ಕೆಲವರಿಗೆ ಪೌರತ್ವವೂ ದೊರೆಯಿತು. ಕೇಪ್ ಕೋಸ್ಟ್ ಕೋಟೆಯಲ್ಲಿ 'ಮರಳಲಾರದ ಬಾಗಿಲು' ಎಂದು ಹೆಸರಾದ ದ್ವಾರದ ಹೊರಮೈಗೆ ಈಗ 'ಮರಳುವ ಬಾಗಿಲು' ಎಂಬ ಫಲಕವಿದೆ. ಇತ್ತ ಜೊಂಗೊದಲ್ಲಿ ಹುಟ್ಟಿ ಬೆಳೆದು, ಹೌಸಾ ಹೆಸರಿಟ್ಟುಕೊಂಡ ತರುಣ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗ ಉಳಿದವರಿಗಿಂತ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರಿಸಬೇಕಾಗುತ್ತದೆ ಎಂಬುದು ಅಲ್ಲಿನವರ ಹಳೆಯ ದೂರು. ಅಜ್ಜನ ಊರು ಯಾವುದು ಎಂದು ಕೇಳಿದರೆ ಅವನು ಹೇಳುವುದು ಕುಮಾಸಿ ಎಂದು. ಅವನಿಗೆ ಬೇರೆ ಊರು ಗೊತ್ತಿಲ್ಲ.